ತಿಗರಿ ಇಲ್ಲದ ಐರಾಣಿ

ಹೊಳೆಮಣ್ಣೂರಿನ ಕುಂಬಾರ ಸಣ್ಣಪ್ಪನ ಬಲಗೈ ಕಳೆದ ಕಾರ್ತಿಕದಲ್ಲಿ ಸೋತುಹೋಯಿತು. ಬೆಳಿಗ್ಗೆ ಎದ್ದು ತಂಬಿಗೆ ಹಿಡಿಯಲು ಹೋದವನ ಬೆರಳೊಳಗಿಂದ ತಂಬಿಗೆ ಜಾರಿ ಬಿತ್ತು. ಎತ್ತಲು ಬಾಗಿದರೆ ಬಾಯಿಯೂ ಒಂದು ಕಡೆಗೆ ವಾಲಿತ್ತು. ದವಾಖಾನೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಮಾತು ಮರಳಿತು, ಕಾಲು ಮರಳಿತು, ಕೈ ಮಾತ್ರ ಮರಳಲಿಲ್ಲ. ಮನೆಗೆ ಬಂದವನು ಪಡಸಾಲೆಯ ಹೊರಸಿನ ಮೇಲೆ ಕೂತ. ಎದುರಿಗೆ ಅಂಗಳದ ಮೂಲೆಯಲ್ಲಿ ಅವನ ತಿಗರಿ, ನಾಲ್ಕು ತಲೆಮಾರಿನಿಂದ ತಿರುಗಿದ ಚಕ್ರ, ಅದೂ ಕೂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಚಳಿಗಾಲ ಕಳೆದರು.

ಅವನ ಹೆಂಡತಿ ಅಡಿವೆವ್ವ ಈ ಮನೆಗೆ ಬಂದು ನಾಲ್ವತ್ತು ವರ್ಷ. ಇಷ್ಟು ವರ್ಷ ಮಣ್ಣು ತುಳಿದಿದ್ದಾಳೆ, ಸೋಸಿದ್ದಾಳೆ, ಗಂಡ ತಿಗರಿಯಿಂದ ಎತ್ತಿಕೊಟ್ಟ ಹಸಿ ಗಡಿಗೆಯನ್ನು ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ದೊಡ್ಡದು ಮಾಡಿದ್ದಾಳೆ. ತಿಗರಿಯನ್ನು ಮಾತ್ರ ಮುಟ್ಟಿದವಳಲ್ಲ. ಹೆಣ್ಣು ತಿಗರಿ ಮುಟ್ಟಬಾರದು ಎಂದು ಅವಳ ಅತ್ತೆ ಹೇಳಿದ್ದಳು, ಅತ್ತೆಗೆ ಅವಳ ಅತ್ತೆ. ಯಾಕೆ ಎಂದು ಕೇಳಿದವರು ಆ ಸಾಲಿನಲ್ಲಿ ಯಾರೂ ಇರಲಿಲ್ಲ. ಮಗ ದ್ಯಾಮೇಶ ಗಜೇಂದ್ರಗಡ–ರೋಣದ ನಡುವೆ ಟೆಂಪೊ ಹೊಡೆಯುತ್ತಾನೆ. ಒಂದು ಸಲ ತಿಗರಿಗೆ ಕೂತಿದ್ದ. ಮಣ್ಣು ಹಾರಿ ಗೋಡೆಗೆ ಬಡಿದು ಅಲ್ಲೇ ಒಣಗಿತು. ಆ ಮೇಲೆ ಅವನು ಕೂರಲಿಲ್ಲ, ಅವನಪ್ಪ ಕೂರಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮುತ್ತಣ್ಣ ಬಂದ. ಮುತ್ತಣ್ಣನದು ಊರಲ್ಲಿ ಹೆಸರಿದ್ದ ಒಕ್ಕಲು ಮನೆ. ಮಗಳು ಉಮಾಳ ಲಗ್ನ ಗೊತ್ತಾಗಿತ್ತು. ಈ ಕಡೆ ಲಗ್ನಕ್ಕೆ ಎಷ್ಟು ಬಂಗಾರ ಹಾಕಿದರೂ ಐರಾಣಿ ಬಾರದೆ ಹಂದರ ತುಂಬುವುದಿಲ್ಲ. ಐದು ಗಡಿಗೆ, ಐದು ಮುಚ್ಚಳ. ಮೇಲೆ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಗೆರೆ. ಮುತ್ತೈದೆಯರು ಬಾಜಾ ಬಜಂತ್ರಿಯೊಂದಿಗೆ ಕುಂಬಾರರ ಮನೆಗೆ ಬಂದು, ತಿಗರಿಗೆ ಪೂಜೆ ಮಾಡಿ, ಕುಂಬಾರಗಿತ್ತಿಗೆ ಉಡಿ ತುಂಬಿ, ಗಡಿಗೆಗಳನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕು. ಆ ಒಂದು ದಿನ ಎಂಥ ದೊಡ್ಡ ಮನೆಯವರೂ ಈ ಸಣ್ಣ ಬಾಗಿಲಿಗೆ ತಲೆ ಬಾಗಿಸಿಯೇ ಒಳಗೆ ಬರಬೇಕು. ಬಾಗಿಲೇ ಹಾಗಿದೆ, ಬಾಗದಿದ್ದರೆ ಹಣೆ ಬಡಿಯುತ್ತದೆ.

ಮುತ್ತಣ್ಣ ಕೂತ, ಚಾ ಕುಡಿದ, ಮಳೆ ಬೆಳೆ ಮಾತಾಡಿದ. ಕೊನೆಗೆ ಬಸಿಯನ್ನು ಕೆಳಗಿಟ್ಟು, ನೆಲ ನೋಡುತ್ತ ಹೇಳಿದ:

“ಕಾಕಾ, ನರಗುಂದದಾಗ ಅಂಗಡಿಯಾಗ ಬಣ್ಣ ಹಚ್ಚಿ ತಯಾರ ಇಟ್ಟಿರ್ತಾರಂತ ಐರಾಣಿ. ಈ ಸಲ ಅಲ್ಲಿಂದ ತಂದಬಿಡ್ತೀನಿ. ನೀವು ಮನಸಿಗೆ ಹಚ್ಕೋಬ್ಯಾಡ್ರಿ.”

“ತರಪಾ,” ಎಂದ ಸಣ್ಣಪ್ಪ. ಇನ್ನೇನನ್ನಬೇಕು.

ಒಳಗೆ ಜೋಳ ಹಸನು ಮಾಡುತ್ತಿದ್ದ ಅಡಿವೆವ್ವ ಮರ ಹಿಡಿದುಕೊಂಡೇ ಹೊರಗೆ ಬಂದಳು. “ಲಗ್ನ ಎಂದೈತಿ, ತಮ್ಮಾ?”

“ಇನ್ನ ಆರು ವಾರ ಐತಿ, ಚಿಗವ್ವ.”

“ಹಂಗಾರ ನಾಕು ವಾರ ತಡಿ. ಅಷ್ಟರಾಗ ನಮ್ಮನಿಯಾಗ ಆಗಲಿಲ್ಲಂದ್ರ ಪ್ಯಾಟಿಗೆ ಹೋಗುವಂತಿ.”

ಮುತ್ತಣ್ಣ ಸಣ್ಣಪ್ಪನ ಕೈ ನೋಡಿದ, ಅಡಿವೆವ್ವನ ಮುಖ ನೋಡಿದ, “ಆತು” ಎಂದು ಎದ್ದುಹೋದ. ಅವನು ಓಣಿ ದಾಟುವುದನ್ನೇ ಸಣ್ಣಪ್ಪ ಕಾದ.

“ಯಾರು ಮಾಡಾವ್ರು? ನಿಮ್ಮಪ್ಪ ಎದ್ದು ಬರ್ತಾನ ಕುಣ್ಯಾಗಿಂದ?”

ಅಡಿವೆವ್ವ ಮರದೊಳಗಿನ ಜೋಳ ಕೇರತೊಡಗಿದಳು. ಮಾತು ಬಾಯಿಗೆ ಬಂದಿತ್ತು, ಹೇಳಿಬಿಟ್ಟಿದ್ದಳು. ಅವಳಿಗೆ ಗೊತ್ತಿದ್ದುದು ಒಂದೇ: ಒಮ್ಮೆ ಅಂಗಡಿಯ ದಾರಿ ಹಿಡಿದ ಐರಾಣಿ ತಿರುಗಿ ಈ ಓಣಿಗೆ ಬರುವುದಿಲ್ಲ. ಅಸೂಟಿಯ ಕುಂಬಾರರ ಮನೆಗೆ ಹಾಗೇ ಆಗಿತ್ತು. ಒಂದು ಲಗ್ನ ತಪ್ಪಿತು, ಎರಡು ತಪ್ಪಿದವು, ಈಗ ಆ ಮನೆ ಕುಂಬಾರರದು ಎಂಬುದು ತಿಳಿಯಬೇಕಾದರೆ ಮುದುಕರನ್ನು ಕೇಳಬೇಕು.

ಅದಾಗಿ ಎರಡು ದಿನಕ್ಕೆ ಬಳೆಗಾರ್ತಿ ಹಸನಬಿ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದಳು. ಹಸನಬಿ ಊರೂರು ತಿರುಗಿ ಬಳೆ ಇಡಿಸುವವಳು; ಅವಳ ಮನೆಯ ಅಟ್ಟದ ಖೋಲಿಯಲ್ಲಿ ಆ ಹುಡುಗಿ ಬಾಡಿಗೆಗೆ ಇದ್ದಳು. ಎತ್ತರದ ನಿಲುವು, ಕರ್ರಗೆ ಎಣ್ಣೆ ಹಚ್ಚಿದ ಬೀಟೆಯಂಥ ಮೈ, ತಲೆಯ ತುಂಬ ಸಣ್ಣ ಸಣ್ಣ ಜಡೆ. ಆಫ್ರಿಕಾದ ಕಾಂಗೋ ದೇಶದಿಂದ ಧಾರವಾಡಕ್ಕೆ ಕೃಷಿ ಓದಲು ಬಂದವಳು. ಹೊಳೆ ಉಕ್ಕಿ ಬಂದಾಗ ಹೊಲದಲ್ಲಿ ಬಿಟ್ಟುಹೋಗುವ ಮಣ್ಣಿನಲ್ಲಿ ಗೆಣಸು ಬೆಳೆಯುತ್ತದೋ ಇಲ್ಲವೋ ಎಂದು ನೋಡುವುದು ಅವಳ ಓದು.

“ಅಡಿವೆಕ್ಕಾ, ಈಕಿಗೆ ಮಣ್ಣು ಬೇಕಂತ ನೋಡು,” ಎಂದಳು ಹಸನಬಿ. “ಹೊಳಿದಂಡಿಯಾಗ ಯಾವ ಮಣ್ಣು ಎಲ್ಲೈತಿ ಅಂತ ಕುಂಬಾರ್ರ ಬಿಟ್ಟು ಯಾರಿಗೆ ಗೊತ್ತಿರ್ತೈತಿ, ಅದಕ್ಕ ಕರಕೊಂಡ ಬಂದೆ.”

“ನಮಸ್ಕಾರರಿ,” ಎಂದಳು ಹುಡುಗಿ. ಅಂಗಳದ ಆಡು ಅವಳ ಚೀಲ ಮೂಸಿತು. “ಸರೀರಿ, ಸರೀರಿ,” ಎಂದು ಅದಕ್ಕೂ ಹೇಳಿದಳು.

ಸೊಸೆ ಅನಿತಾ ಸೆರಗು ಬಾಯಿಗೆ ಹಿಡಿದಳು. “ಆಡಿಗೂ ಬಹುವಚನ ನೋಡ್ರಿ ಅತ್ತಿ. ನಮಗ ಈ ಮನಿಯಾಗ ಅಷ್ಟ ಮರ್ಯಾದಿ ಇಲ್ಲ.”

“ಮೆಸ್ಸಿನ ಅಡಗಿ ಅವ್ವಾರು ಕಲಿಸ್ಯಾರರಿ,” ಎಂದಳು ಹುಡುಗಿ. “ಕೊನಿಗೆ ‘ರಿ’ ಹಚ್ಚು, ಯಾರೂ ಬಯ್ಯೂದಿಲ್ಲ ಅಂದ್ರು.”

ಹೆಸರೇನು ಎಂದು ಅಡಿವೆವ್ವ ಕೇಳಿದಳು. ತ್ಸಿಂಬಾ ಎಂದಳು. ಅಡಿವೆವ್ವನ ಕಿವಿಗೆ ಅದು ಸಿಂಬಿ ಎಂದು ಬಿತ್ತು. ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಕುಂಬಾರಗಿತ್ತಿಗೆ ಇದಕ್ಕಿಂತ ಹತ್ತಿರದ ಹೆಸರು ಯಾವುದು? ಸಿಂಬೆವ್ವ ಎಂದು ಅಲ್ಲಿಗೇ ಗಟ್ಟಿಯಾಯಿತು. ಅವಳ ಸೀಮೆಯಲ್ಲಿ ಅವಳಿ ಹುಟ್ಟಿದರೆ ಮೊದಲನೆಯದಕ್ಕೆ ತ್ಸಿಂಬಾ, ಎರಡನೆಯದಕ್ಕೆ ನ್ಜೂಜಿ. ಯಾರ ಮನೆಯಲ್ಲಿ ಹುಟ್ಟಿದರೂ ಅದೇ ಹೆಸರು. ತಂಗಿ ನ್ಜೂಜಿ ಊರಲ್ಲೇ ಇದ್ದಾಳೆ, ಅಜ್ಜಿಯ ಹತ್ತಿರ.

“ಯಾವ ಮಂದಿ ನೀವು?” ಎಂದಳು ಅನಿತಾ.

“ಯೋಂಬೆ ಮಂದಿರಿ. ಮಾಯೋಂಬೆ ಅಂತ ಅಡವಿ ಐತ್ರಿ, ಅಲ್ಲಿಯವರು.”

“ಗೊಂಬಿ ಮಂದಿ?”

“ಗೊಂಬಿನೂ ಮಾಡ್ತಾರರಿ,” ಹುಡುಗಿ ನಕ್ಕಳು. “ಗಂಡಸರು ಕಟ್ಟಿಗಿಯೊಳಗ ಕೆತ್ತತಾರ. ತಾಯಿ ತೊಡಿಮ್ಯಾಲ ಕೂಸು. ಹೆಂಗಸರು ಹೊಲ ಮಾಡ್ತಾರ, ಗೆಣಸಿನಂಥಾ ಬೇರು ಬೆಳೀತಾರ, ಅದನ್ನ ನೀರಾಗ ಹುಳಿ ಬರಿಸಿ, ಕುಟ್ಟಿ, ಎಲಿಯಾಗ ಕಟ್ಟಿ ಬೇಯಸ್ತಾರ. ಅದ ನಮ್ಮ ರೊಟ್ಟಿರಿ.”

“ನಿಮ್ಮಪ್ಪಂದು ಯಾವ ಮನಿತನ?” ಅಡಿವೆವ್ವನ ಪ್ರಶ್ನೆ.

“ಅಪ್ಪನ ಮನಿತನ ಅಪ್ಪಂದು. ನಾನು ಅವ್ವನ ಮನಿತನರಿ. ಹೊಲಾನೂ ಅವ್ವನ ಕಡಿದು. ನಮಗ ದೊಡ್ಡಾಂವ ಅಂದ್ರ ಅವ್ವನ ಅಣ್ಣ. ನನ್ನ ಲಗ್ನದ ಮಾತೂ ಅವನ ಕೈಯಾಗ.”

ಅನಿತಾ ಮತ್ತು ಹಸನಬಿ ಮುಖ ಮುಖ ನೋಡಿಕೊಂಡರು. “ಅಂದ್ರ ಸೋದರಮಾವ,” ಎಂದಳು ಹಸನಬಿ, ಎಲ್ಲ ತಿಳಿದವಳಂತೆ. “ಆತಲ್ಲ ಮತ್ತ. ಇಲ್ಲೂ ಹಂಗ. ವಯಸ್ಸೆಷ್ಟು ಅವನಿಗೆ?”

“ಅರವತ್ತೆರಡುರಿ.”

“ಅಯ್ಯ, ಪಾಪ. ಅಷ್ಟು ಮುದುಕನ್ನ ಮಾಡ್ಕೋತೀಯೇನ, ಯವ್ವಾ?”

ಹುಡುಗಿಗೆ ಮಾತು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾವನನ್ನು ಮದುವೆಯಾಗುವ ಮಾತು ಅವಳ ಊರಲ್ಲಿ ಆಡಿದರೆ ಹಿರಿಯರು ಬೂದಿ ಎರಚಿ ಊರು ಬಿಡಿಸುತ್ತಾರಂತೆ. ಇಲ್ಲಿ ಸೋದರಮಾವ ಅಂದರೆ ಅರ್ಧ ಗಂಡನಿದ್ದಂತೆ ಎಂದು ಅನಿತಾ ಹೇಳಿದ್ದಕ್ಕೆ ಅವಳು ನಕ್ಕಿದ್ದು ಮೂರು ಮನೆಗೆ ಕೇಳಿಸಿತು. ಹೊರಸಿನ ಮೇಲಿದ್ದ ಸಣ್ಣಪ್ಪನ ತುಟಿಯೂ ಅಲುಗಿತು.

ಆಮೇಲೆ ಅವಳ ಕಣ್ಣು ಮೂಲೆಯ ತಿಗರಿಯ ಮೇಲೆ ಬಿತ್ತು. ಅದೇನು, ಅದರ ಮೇಲೆ ಯಾರು ಕೂರುತ್ತಾರೆ, ಎಲ್ಲ ಕೇಳಿದಳು. ಅಡಿವೆವ್ವ ಹೇಳಿದಳು.

“ಗಂಡಸರು ಗಡಿಗಿ ಮಾಡ್ತಾರ?” ಹುಡುಗಿಗೆ ನಂಬಿಕೆಯೇ ಇಲ್ಲ. “ನಮ್ಮಲ್ಲಿ ಗಂಡಸರು ಹತ್ತಿರ ಬರಂಗಿಲ್ಲರಿ. ಹಸಿ ಗಡಿಗಿ ನೋಡಿದ್ರ ಸೀಳ್ತಾವ ಅಂತಾರ ನಮ್ಮಜ್ಜಿ.”

ಹೊರಸು ಕಿರ್ ಅಂದಿತು. ಸಣ್ಣಪ್ಪ ಗೋಡೆಯ ಕಡೆ ಹೊರಳಿದ.

“ನಿಮ್ಮಜ್ಜಿ ಗಡಿಗಿ ಮಾಡ್ತಾಳ?” ಅಡಿವೆವ್ವನ ದನಿ ಸಣ್ಣದಾಯಿತು. “ಯಾವ ತಿಗರಿ ಮ್ಯಾಲ?”

“ತಿಗರಿ ಇಲ್ಲರಿ.”

“ತಿಗರಿ ಇಲ್ಲದ ಗಡಿಗಿ ಹ್ಯಾಂಗ ದುಂಡಗಾಗ್ತಾವ?”

ಹುಡುಗಿ ಬಾಯಿಂದ ಹೇಳಲು ನೋಡಿದಳು, ಮಾತು ಸಾಲಲಿಲ್ಲ. ಎದ್ದು ಬಚ್ಚಲ ಬಕೀಟನ್ನು ಅಂಗಳದ ನಡುವೆ ಇಟ್ಟಳು. ಸೊಂಟ ಬಾಗಿಸಿ, ಎರಡೂ ಕೈ ಅದರ ಅಂಚಿಗೆ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಕೀಟಿನ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಬಂದಳು. “ಗಡಿಗಿ ಕುಂದ್ರತೈತ್ರಿ. ನಾವ ತಿರಗತೀವಿ.”

ಅಡಿವೆವ್ವ ನಿಂತು ನೋಡಿದಳು. ಅತ್ತೆ ಹೇಳಿದ್ದು ತಿಗರಿ ಮುಟ್ಟಬೇಡ ಎಂದು. ಗಡಿಗೆಯ ಸುತ್ತ ನಡೆಯಬೇಡ ಎಂದು ಯಾವ ಅತ್ತೆಯೂ ಹೇಳಿರಲಿಲ್ಲ.

“ಸಿಂಬೆವ್ವ, ನಿನಗ ಬರ್ತೈತೇನ ಅದು?”

“ಸಣ್ಣಾಕಿದ್ದಾಗ ಮಾಡೀನ್ರಿ. ಚಲೋ ಬರೂದಿಲ್ಲ. ಸಾಲಿಗೆ ಹೋಗಿಬಿಟ್ಟೆ.”

“ಬಂದಷ್ಟು ಕೊಡು. ಮಣ್ಣು ನಾ ತೋರಸ್ತೀನಿ.”

ಮರುದಿನ ಬೆಳಿಗ್ಗೆ ಇಬ್ಬರೂ ಹೊಳೆಯ ದಂಡೆಗೆ ಹೋದರು. ಮೂರು ವರ್ಷದ ಹಿಂದಿನ ನೆರೆ ತಂದು ಹಾಕಿದ ಜಿಗಟು ಮಣ್ಣು ಎಲ್ಲಿದೆ, ಅದರ ಕೆಳಗಿನ ಹಳೆಯ ಕುಂಬಾರ ಮಣ್ಣು ಎಲ್ಲಿದೆ, ಅಡಿವೆವ್ವನಿಗೆ ಕಾಲಿನಿಂದಲೇ ಗೊತ್ತಿತ್ತು. ಹುಡುಗಿ ತನ್ನ ಓದಿನ ಮಣ್ಣನ್ನು ಪುಟ್ಟ ಪುಟ್ಟ ಚೀಲದಲ್ಲಿ ತುಂಬಿ ಚೀಟಿ ಬರೆದಳು. ಕುಂಬಾರ ಮಣ್ಣನ್ನು ಇಬ್ಬರೂ ಬುಟ್ಟಿ ತುಂಬಿ ಹೊತ್ತು ತಂದರು. ಅಡಿವೆವ್ವ ಬೂದಿ ಬೆರೆಸಿ ತುಳಿದಳು. ಹುಡುಗಿ ಒಡೆದ ಹಳೆಯ ಗಡಿಗೆಯ ತಳವೊಂದನ್ನು ಹುಡುಕಿ, ಅದರೊಳಗೆ ಮಣ್ಣಿನ ರೊಟ್ಟಿ ಹಾಸಿ, ಮೇಲೆ ಬೆರಳು ದಪ್ಪದ ಮಣ್ಣಿನ ಹುರಿ ಹೊಸೆದು ಸುತ್ತತೊಡಗಿದಳು. ಒಂದು ಸುತ್ತು, ಅದರ ಮೇಲೆ ಇನ್ನೊಂದು.

ಮೊದಲ ಗಡಿಗೆ ಕುಡಿದವನಂತೆ ವಾಲಿತು. ಎರಡನೆಯದು ಎದ್ದು ನಿಂತಿತು. ಮೂರನೆಯದರಿಂದ ಅಡಿವೆವ್ವ ತಾನೇ ಹಿಡಿದಳು. ಹಿಂದೆ ಹಿಂದೆ ನಡೆದರೆ ಕಾಲಿಗೆ ಸೀರೆ ತೊಡರುತ್ತಿತ್ತು, ಕಚ್ಚೆ ಬಿಗಿದಳು. ತಲೆ ತಿರುಗಿ ಒಮ್ಮೆ ಆಡಿನ ಮೇಲೆಯೇ ಬಿದ್ದಳು. “ಅತ್ತಿ, ದೇವರಿಗೆ ಇಷ್ಟು ಪ್ರದಕ್ಷಿಣಿ ಹಾಕಿದ್ರ ಮಾವಾರ ಕೈ ಎಂದೋ ಸುದ್ದ ಆಗ್ತಿತ್ತು,” ಎಂದಳು ಅನಿತಾ. ಪಡಸಾಲೆಯ ಹೊರಸು ಮತ್ತೆ ಕಿರ್ ಅಂದಿತು. ಸಂಜೆಯ ಹೊತ್ತಿಗೆ ಏಳು ಗಡಿಗೆ ನೆರಳಿನಲ್ಲಿ ಸಾಲಾಗಿ ಕೂತಿದ್ದವು, ಯಾವ ಎರಡೂ ಒಂದೇ ಅಳತೆಯವಲ್ಲ.

ಮರುದಿನ ಅಡಿವೆವ್ವ ಎಂದಿನ ರೂಢಿಯಂತೆ ಹಲಗೆ ಮತ್ತು ಕಲ್ಲು ತೆಗೆದುಕೊಂಡು ಕೂತಳು. ತಿಗರಿಯಿಂದ ಇಳಿದ ಗಡಿಗೆಯನ್ನು ಒಂದು ರಾತ್ರಿ ಆರಿಸಿ ತಟ್ಟಬೇಕು. ನಾಲ್ವತ್ತು ವರ್ಷದ ಲೆಕ್ಕ ಅದು. ಹುಡುಗಿ ಅದನ್ನು ಕಂಡು ಹತ್ತಿರ ಬಂದಳು. ಏನೋ ಹೇಳಲು ಬಾಯಿ ತೆರೆದಳು. ಅಡಿವೆವ್ವ ತಲೆ ಎತ್ತಿ ನೋಡಿದಳು. ಹುಡುಗಿ ಬಾಯಿ ಮುಚ್ಚಿ, ತಲೆ ತಗ್ಗಿಸಿ, ಮಣ್ಣಿನ ಬುಟ್ಟಿ ತೊಳೆಯಲು ಹೋದಳು. ಅವಳಿಗೆ ಏನು ಅನಿಸಿತೋ ಕೇಳಬೇಕೆಂದು ಅಡಿವೆವ್ವನ ಮನಸ್ಸಿಗೂ ಬಂದಿತ್ತು. ಪರದೇಶದ ಕೂಸು, ನಿನ್ನೆಯೆಲ್ಲ ದುಡಿದಿದೆ, ಮತ್ತೆ ಮತ್ತೆ ಯಾಕೆ ತ್ರಾಸ ಕೊಡಲಿ ಎಂದು ಕೇಳಲಿಲ್ಲ. ಧಪ್, ಧಪ್ ಎಂದು ಹಲಗೆ ಬಿದ್ದಿತು. ಗಡಿಗೆಗಳ ಹೊಟ್ಟೆ ಚಂದ ದುಂಡಗಾಯಿತು, ಗೆರೆಗಳೆಲ್ಲ ಮಾಯವಾದವು.

ಎಂಟು ದಿನ ಒಣಗಿಸಿ, ಅಂಗಳದ ಆವಿಗೆಯಲ್ಲಿ ಹತ್ತಿಕಟ್ಟಿಗೆ, ಕುಳ್ಳು, ಹೊಟ್ಟು ಒಟ್ಟಿ ಬೆಂಕಿ ಇಟ್ಟರು. ಮರುದಿನ ಮುಂಜಾನೆ ಬೂದಿ ಸರಿಸಿದಾಗ ಹಸನಬಿಯೂ ಬಂದಿದ್ದಳು. ಏಳರಲ್ಲಿ ಐದು ಹೋಗಿದ್ದವು. ಒಡೆದ ರೀತಿಯೂ ಬೇರೆ. ಮಣ್ಣಿನ ಹುರಿ ಸುತ್ತಿದ ಜಾಗದಲ್ಲೇ ಬಿಚ್ಚಿಕೊಂಡು, ಕೈಯಲ್ಲಿ ಎತ್ತಿದರೆ ಚಕ್ಕುಲಿಯಂತೆ ಸುರುಳಿ ಸುರುಳಿಯಾಗಿ ಕಳಚಿ ಬಂದವು. ಉಳಿದ ಎರಡಕ್ಕೆ ನೀರು ಹಾಕಿದರೆ ನಿಲ್ಲಲಿಲ್ಲ.

ಹುಡುಗಿ ಆವಿಗೆಯ ಪಕ್ಕದಲ್ಲೇ ಕುಕ್ಕರಿಸಿ ಕೂತು ಅತ್ತಳು. “ನನಗ ಗೊತ್ತಿತ್ತುರಿ ಆಯಿ. ಹುರಿ ಹುರಿ ಕೂಡಿಸದ ತಟ್ಟಬಾರದು. ಹಸಿ ಇದ್ದಾಗ ಅಂತೂ ತಟ್ಟಬಾರದು. ದೊಡ್ಡೋರಿಗೆ ತಪ್ಪು ಅನ್ನಬಾರದು ನಮ್ಮಲ್ಲಿ. ಅದಕ್ಕ ಸುಮ್ಮನಾದೆ.”

“ನಾನರ ಕೇಳಬೇಕಿತ್ತಿಲ್ಲೋ,” ಎಂದಳು ಅಡಿವೆವ್ವ. “ಪಾವಣಿ ಹುಡುಗಿ, ತ್ರಾಸ ಯಾಕ ಅಂತ ಬಿಟ್ಟೆ.”

“ಚಲೋ ಆತು,” ಎಂದಳು ಅನಿತಾ. “ಒಬ್ರಿಗೊಬ್ರು ಮರ್ಯಾದಿ ಕೊಟ್ಟು ಕೊಟ್ಟು ಐದು ಗಡಿಗಿ ಒಡದ್ರಿ.”

“ನನಗೂ ಗೊತ್ತಿತ್ತು.”

ಎಲ್ಲರೂ ಪಡಸಾಲೆಯ ಕಡೆ ತಿರುಗಿದರು. ಸಣ್ಣಪ್ಪ ಗೋಡೆಯನ್ನೇ ನೋಡುತ್ತ ಮಾತಾಡುತ್ತಿದ್ದ. “ಮೊದಲನೇ ಏಟಿಗೆ ಗೊತ್ತಾತು. ಕೂಡಿದ ಮಣ್ಣಿನ ಸಪ್ಪಳ ಬ್ಯಾರೆ, ಕೂಡಲಾರದ್ದರ ಸಪ್ಪಳ ಬ್ಯಾರೆ.”

“ಗೊತ್ತಿದ್ದು ಸುಮ್ಮನ ಯಾಕ ಕುಂತ್ರಿ?” ಅಡಿವೆವ್ವ ಕೇಳಿದಳು.

ಅವನು ಸೋತ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. “ಒಡೀಲಿ ಅಂತ.”

ಹಸನಬಿ ಬಳೆಯ ಪೆಟ್ಟಿಗೆ ಎತ್ತಿಕೊಂಡು ಮೆಲ್ಲಗೆ ಜಾರಿದಳು. ಅಡಿವೆವ್ವ ಅವತ್ತು ಗಂಡನಿಗೆ ರೊಟ್ಟಿ ಬಡಿದು ತಾಟಿನಲ್ಲಿ ಹಾಕಿ ಮುಂದೆ ಇಟ್ಟಳು, ಎಂದಿನಂತೆ ಮುರಿದು ಕೊಡಲಿಲ್ಲ. ಅವನು ಎಡಗೈಯಲ್ಲೇ ಮುರಿದುಕೊಂಡು ತಿಂದ. ಅವಳಿಗೆ ಸಿಟ್ಟು ಬಂದಿತ್ತೇ ಎಂದರೆ ಬಂದಿತ್ತು. ಅದರ ಕೆಳಗೆ ಇನ್ನೊಂದಿತ್ತು. ಕೈ ಹೋದ ಕುಂಬಾರ ತನ್ನ ಅಂಗಳದಲ್ಲಿ ತಾನಿಲ್ಲದೆ ಗಡಿಗೆ ಹುಟ್ಟುವುದನ್ನು ಏಳು ಸಲ ನೋಡಿದ್ದಾನೆ. ಅವನನ್ನು ಒಂದು ಸಲವೂ ಯಾರೂ ಕೇಳಿರಲಿಲ್ಲ, ತಾನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಸ ಹೊಡೆಯಲು ಬಂದ ಅನಿತಾ ಕೂಗಿದಳು, “ಅತ್ತೀ, ಹೊರಸ ಎಲ್ಲಿ?” ಹೊರಸು ಅಂಗಳಕ್ಕೆ ಬಂದಿತ್ತು. ಮುದುಕ ಒಂದೇ ಕೈಯಿಂದ ಎಳೆದು, ಮೆಟ್ಟಿಲು ಇಳಿಸಿ, ಮಣ್ಣಿನ ರಾಶಿಯ ಮಗ್ಗುಲಿಗೆ ಹಾಕಿಕೊಂಡು ಕೂತಿದ್ದ. ಬೆವರು ಇಳಿಯುತ್ತಿತ್ತು.

“ಇನ್ನ ಹದಿನೈದು ದಿನ ಅದಾವ,” ಎಂದ, ಯಾರ ಮುಖವನ್ನೂ ನೋಡದೆ. “ಆ ಹುಡುಗಿನ್ನ ಕರೀರಿ. ನಾ ನೋಡಿದ್ರ ಗಡಿಗಿ ಸೀಳ್ತಾವಂದ್ರ ಕಣ್ಣು ಮುಚ್ಕೋತೀನಿ.”

ಹುಡುಗಿ ಬಂದಳು. ಹುರಿ ಹುರಿ ಕೂಡಿಸುವುದನ್ನು ತಾನು ಅರೆಬರೆ ಕಲಿತವಳು ಎಂದು ಒಪ್ಪಿಕೊಂಡು ಫೋನು ತೆಗೆದಳು. ಇಲ್ಲಿ ಮಧ್ಯಾಹ್ನ, ಅಲ್ಲಿ ಆಗ ಬೆಳಗಾಗುತ್ತಿತ್ತು. ತಂಗಿ ನ್ಜೂಜಿಯ ಮುಖ ಬಂತು, ಅದು ಸರಿದು ಒಬ್ಬ ಮುದುಕಿಯ ಮುಖ ಬಂತು, ಹಣೆಗೆ ಹೂವಿನ ಬಟ್ಟೆ ಕಟ್ಟಿದ್ದಳು, ಮುಂದಿನ ಎರಡು ಹಲ್ಲಿಲ್ಲ. ಹುಡುಗಿ ತಮ್ಮ ಕಿಯೋಂಬೆ ಮಾತಿನಲ್ಲಿ ಏನೇನೋ ಹೇಳಿ, ಚಕ್ಕುಲಿಯಾದ ಗಡಿಗೆಯ ತುಂಡೊಂದನ್ನು ತೋರಿಸಿದಳು. ಮುದುಕಿ ತೊಡೆ ಬಡಿದುಕೊಂಡು ನಕ್ಕಳು.

“ಏನಂತಾಳ?” ಅಡಿವೆವ್ವ ಕೇಳಿದಳು.

“ನಾನೂ ಮೊದಲ ಸಲ ಹಿಂಗ ಮಾಡಿದ್ದೆ, ನಮ್ಮವ್ವ ಅದರ ತುಂಡು ನನ್ನ ಕೊರಳಾಗ ಹಾಕಿ ಊರು ತಿರುಗಿಸಿದ್ಲು, ಅಂತಾಳರಿ.”

“ನಮ್ಮತ್ತಿಗಿಂತ ಪಾಡು ನಿಮ್ಮವ್ವ ಅಂತ ಹೇಳು. ನಮ್ಮತ್ತಿ ಹಲಗಿಲೆ ಹೊಡೀತಿದ್ಲು.”

ಅಲ್ಲಿ ನಗು, ಇಲ್ಲಿ ನಗು. ಆಮೇಲೆ ಆ ಮುದುಕಿ ಒಂದು ಮಣ್ಣಿನ ಮುದ್ದೆ ತರಿಸಿ, ಫೋನಿನ ಹತ್ತಿರಕ್ಕೆ ಕೈ ಹಿಡಿದು ತೋರಿಸಿದಳು. ಹೆಬ್ಬೆರಳಿನಿಂದ ಒಳಗಿನ ಮಣ್ಣನ್ನು ಕೆಳಗೆ ಎಳೆದಳು, ತೋರುಬೆರಳಿನಿಂದ ಹೊರಗಿನದನ್ನು ಮೇಲಕ್ಕೆ. ಎಳೆದ ಮೇಲೆ ಚಿಪ್ಪಿನಿಂದ ಕೆರೆದಳು. ಮಾತು ಬೇಕಾಗಲಿಲ್ಲ. ಅಡಿವೆವ್ವ ಕಣ್ಣು ಕಿರಿದು ಮಾಡಿ ನೋಡಿ, ತನ್ನ ಮಣ್ಣಿನ ಮೇಲೆ ಹಾಗೇ ಎಳೆದು ತೋರಿಸಿದಳು. ಆ ಮುದುಕಿ ಗದರಿದಳು. ಅಡಿವೆವ್ವ ಮತ್ತೆ ಎಳೆದಳು. ಈ ಸಲ ಮುದುಕಿ ಹೂಂ ಎಂದು ತಲೆ ಆಡಿಸಿದಳು.

ಅವತ್ತಿನಿಂದ ಎಂಟು ಗಡಿಗೆ ಎದ್ದವು. ಅಡಿವೆವ್ವ ಸುತ್ತ ನಡೆದಳು, ಹುಡುಗಿ ಹುರಿ ಹೊಸೆದು ಕೊಟ್ಟಳು, ಸಣ್ಣಪ್ಪ ಕೂತಲ್ಲೇ ತಲೆ ಓರೆ ಮಾಡಿ ಕಿವಿ ಇಟ್ಟ. ತಟ್ಟಬೇಕೆಂದರೆ ಮೊದಲು ಅವನ ಮುಂದೆ ಇಡಬೇಕು. ಎಡಗೈಯ ಗೆಣ್ಣಿನಿಂದ ಮೆಲ್ಲಗೆ ಒಂದು ಬಡಿತ.

“ಇನ್ನ ಹಸೀನ ಐತಿ. ನಾಳಿ.”

ನಾಳೆ ಬಂದರೆ, “ಕೊಳ್ಳು ಆಗೇತಿ, ಹೊಟ್ಟಿ ಆಗಿಲ್ಲ. ಸಂಜಿಗೆ ನೋಡು.”

ಸಂಜೆ, “ಹೊಡಿ. ಅಲ್ಲಲ್ಲ, ಮೆಲ್ಲಕ. ಕೂಸಿನ ಬೆನ್ನು ತಟ್ಟಿದಂಗ.”

“ನನಗ ತಟ್ಟೂದು ಕಲಸ್ತೀರೇನ?” ಎಂದಳು ಅಡಿವೆವ್ವ.

“ಕಲಸೂದಿಲ್ಲವಾ. ಕೇಳಸೂದು.”

ಎರಡನೆಯ ಬೆಂಕಿಯ ದಿನ ಹುಡುಗಿ ಅನಿತಾಳ ಕೈಯಿಂದ ಜಾಲಿಯ ತೊಗಟೆ ಕುದಿಸಿ ಇಡಿಸಿದ್ದಳು. ತನ್ನ ಅಡವಿಯ ಮರದ ತೊಗಟೆ ಇಲ್ಲಿಲ್ಲ, ಬಾಯಿಗೆ ಹಾಕಿದರೆ ಒಗರಾಗುವುದು ಯಾವುದಿದೆ ಎಂದು ಕೇಳಿದ್ದಳು. ಚರ್ಮ ಹದ ಮಾಡುವವರು ಜಾಲಿ ಬಳಸುತ್ತಾರೆ ಎಂದು ಹಸನಬಿ ಹೇಳಿದ್ದಳು. ಆವಿಗೆಯಿಂದ ಕೆಂಡದಂತಿದ್ದ ಗಡಿಗೆಯನ್ನು ಉದ್ದ ಕೋಲಿನಿಂದ ಎತ್ತಿ ಹೊರಗಿಟ್ಟಾಗ, ಅವಳು ಬೇವಿನ ಟೊಂಗೆಯನ್ನು ಆ ನೀರಿನಲ್ಲಿ ಅದ್ದಿ ಎರಚಿದಳು. ಚುರ್ ಎಂದು ಹೊಗೆ ಎದ್ದಿತು. ಕೆಂಪು ಮೈಯ ಮೇಲೆ ಕರಿ ಕರಿ ಹನಿ ಕೂತವು. ಇದರಿಂದ ಗಡಿಗೆ ನೀರು ಬಿಡುವುದಿಲ್ಲವಂತೆ. ಎಂಟರಲ್ಲಿ ಒಂದು ಮಾತ್ರ ಸೀಳಿತು.

ನಾಲ್ಕು ವಾರ ತುಂಬುವ ದಿನ ಮುತ್ತಣ್ಣ ಬಂದ. ಒಬ್ಬನೇ ಬರಲಿಲ್ಲ, ಅಸೂಟಿಗೆ ಕೊಟ್ಟ ಅವನ ಅಕ್ಕ ಜೊತೆಗಿದ್ದಳು. ಲಗ್ನದ ಶಾಸ್ತ್ರವೆಲ್ಲ ಅವಳ ಬಾಯಲ್ಲಿ, ಅವಳು ಹೂಂ ಅಂದರೆ ಹೂಂ. ಏಳು ಗಡಿಗೆಯ ಮುಂದೆ ನಿಂತು ಸೊಂಟದ ಮೇಲೆ ಕೈ ಇಟ್ಟಳು.

“ಇದೇನ ಅಡಿವೆವ್ವ, ಗಡಿಗಿಗೆ ಅಮ್ಮ ಬಂದಾಳೇನ, ಮೈ ತುಂಬ ಬೊಬ್ಬಿ?”

“ಬಂದ್ರ ಬೇವಿನ ಸೊಪ್ಪು ಕಟ್ಟೋಣು. ಸುಣ್ಣ ಬಿದ್ದ ಮ್ಯಾಲ ಬೊಬ್ಬಿ ಯಾರಿಗೆ ಕಾಣ್ತಾವ?”

“ಅದು ಹೋಗಲಿ. ತಿಗರಿ ಮ್ಯಾಲ ಹುಟ್ಟಲಾರದ್ದು ಐರಾಣಿ ಹ್ಯಾಂಗಾಕೈತಿ? ನಾವು ಬಂದು ಪೂಜಿ ಮಾಡೂದು ತಿಗರಿಗೆ. ತಿಗರಿ ಒಂದು ಕಡಿ, ಗಡಿಗಿ ಒಂದು ಕಡಿ ಆದ್ರ, ನಾಳಿ ಹುಡುಗಿ ಬಾಳೇವಿಗೆ ಏನಾರ ಹೆಚ್ಚು ಕಮ್ಮಿ ಆದ್ರ?”

ಇದು ತಮಾಷೆಯ ಮಾತಾಗಿರಲಿಲ್ಲ. ಇದಕ್ಕೆ ಅಡಿವೆವ್ವ ಹೇಳಿದರೆ ನಡೆಯುವುದಿಲ್ಲ. ತಿಗರಿಯ ಮಾತು ಕುಂಬಾರನೇ ಹೇಳಬೇಕು. ಅವಳು ಗಂಡನ ಕಡೆ ನೋಡಿದಳು. ಹುಡುಗಿಯೂ ನೋಡಿದಳು. ಈಗ ಅವನು ಇಲ್ಲ ಎಂದರೆ ಇಲ್ಲ.

ಸಣ್ಣಪ್ಪ ಕೆಮ್ಮಿದ. “ಅಕ್ಕಾ, ನಿನ್ನ ಲಗ್ನದ ಐರಾಣಿ ಯಾರು ಮಾಡಿದ್ರು?”

“ನೀವ ಮಾಡಿದ್ರಿ.”

“ಹಂಗಂತ ಊರೆಲ್ಲಾ ಅಂತಾರ, ನಾನೂ ಅನಸ್ಕೊಂಡೆ. ತಿಗರಿಯಿಂದ ಎತ್ತಿದ ಗಡಿಗಿಗೆ ತಳಾ ಇರೂದಿಲ್ಲವ್ವಾ, ನಿನಗ ಗೊತ್ತಿಲ್ಲ. ತೂತ ಇರತೈತಿ. ತಿಗರಿ ಕೊಡೂದು ಬರೇ ಕೊಳ್ಳು. ತಟ್ಟಿ ತಟ್ಟಿ ತಳಾ ಮುಚ್ಚಿದಾಕಿ, ಹೊಟ್ಟಿ ಕೊಟ್ಟಾಕಿ, ಇಕಿ. ನಿನ್ನ ಐರಾಣಿನೂ ಇಕಿವ, ನಿಮ್ಮ ತಮ್ಮನ ಲಗ್ನದ್ವೂ ಇಕಿವ. ಈ ಸಲ ಕೊಳ್ಳೂ ತಾನ ಮಾಡ್ಯಾಳ, ಅಷ್ಟ.” ಸ್ವಲ್ಪ ತಡೆದು ಹೇಳಿದ, “ತಿಗರಿಗೆ ಪೂಜಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಅದು ಈ ಮನಿದು. ಗಡಿಗಿನೂ ಈ ಮನಿವು.”

ನಾಲ್ವತ್ತು ವರ್ಷದಲ್ಲಿ ಆ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅಡಿವೆವ್ವ ಸೆರಗಿನಿಂದ ಗಡಿಗೆಯ ಅಂಚು ಒರೆಸಿದಳು. ಅಂಚಿನ ಮೇಲೆ ಧೂಳೇನೂ ಇರಲಿಲ್ಲ.

ಮುತ್ತಣ್ಣನ ಅಕ್ಕ ಬಾಗಿ ಒಂದು ಗಡಿಗೆ ಎತ್ತಿದಳು. ಗೆಣ್ಣಿನಿಂದ ಬಡಿದಳು, ಕಂಚಿನಂತೆ ದನಿ ಬಂತು. “ನೀರು ಕೊಡ್ರಿ” ಎಂದಳು. ಅನಿತಾ ಕೊಡ ತಂದು ಸುರಿದಳು. ತುಂಬಿದ ಗಡಿಗೆಯನ್ನು ಕಟ್ಟೆಯ ಮೇಲಿಟ್ಟು, ಅವಳು ಪಕ್ಕದಲ್ಲೇ ಕೂತು ಎಲೆ ಅಡಿಕೆ ಹಾಕಿಕೊಂಡಳು, ಬೀಗರ ಸುದ್ದಿ ಹೇಳಿದಳು, ಸೋದರಮಾವನ ಕಥೆ ಹಸನಬಿಯಿಂದ ಕೇಳಿದ್ದೇನೆಂದು ಹುಡುಗಿಯನ್ನು ಕಾಡಿಸಿದಳು. ಅಷ್ಟೂ ಹೊತ್ತು ಅಡಿವೆವ್ವನ ಕಣ್ಣು ಗಡಿಗೆಯ ಕೆಳಗಿನ ಕಲ್ಲಿನ ಮೇಲೆ. ಕೊನೆಗೆ ಮುತ್ತಣ್ಣನ ಅಕ್ಕ ಗಡಿಗೆಯ ತಳಕ್ಕೆ ಅಂಗೈ ಹಚ್ಚಿ ನೋಡಿದಳು. ಒಣಗಿತ್ತು.

“ಮುಚ್ಚಳ ಬಿಗೀ ಕುಂದ್ರೂವಂಗ ಮಾಡ್ರಿ,” ಎಂದು ಎದ್ದಳು. “ಸುಣ್ಣ ಹಚ್ಚಿ ಇಡ್ರಿ. ಲಗ್ನದ ಹಿಂದಿನ ದಿನ ಮುಂಜಾನೆ ಬರ್ತೀವಿ, ಬಾಜಾ ತಗೊಂಡು.”

ಹಾಗೇ ಬಂದರು. ಬಾರಿಸುವ ಹಲಗಿ, ಊದುವ ಸನಾದಿ, ಅರಿಷಿಣ ಹಚ್ಚಿದ ಕೈಗಳು. ಒಬ್ಬೊಬ್ಬರೂ ಬಾಗಿ ಒಳಗೆ ಬಂದು ತಿಗರಿಗೆ ಕುಂಕುಮ ಏರಿಸಿದರು, ಅಡಿವೆವ್ವನಿಗೆ ಖಣ, ಕೊಬ್ಬರಿ, ಅಕ್ಕಿಯ ಉಡಿ ತುಂಬಿದರು. ಹುಡುಗಿಯ ಕೈಗೆ ಹಸನಬಿ ಡಜನ್ ಹಸಿರು ಬಳೆ ಇಡಿಸಿದ್ದಳು. ಅವುಗಳನ್ನು ನೋಡಿಕೊಳ್ಳುತ್ತಲೇ ಅವಳು ಎಲ್ಲವನ್ನೂ ಫೋನಿನಲ್ಲಿ ಅಜ್ಜಿಗೆ ತೋರಿಸುತ್ತಿದ್ದಳು. ಐದು ಗಡಿಗೆ ಐದು ತಲೆಯ ಮೇಲೆ ಕೂತು ಓಣಿಯ ತಿರುವಿನಲ್ಲಿ ಮರೆಯಾದವು. ಬಾಜಾ ದೂರವಾಯಿತು.

ಅಡಿವೆವ್ವ ಉಡಿಯ ಅಕ್ಕಿಯನ್ನು ಮರಕ್ಕೆ ಸುರುವುತ್ತಿದ್ದಾಗ ಸಣ್ಣಪ್ಪನ ಫೋನು ಹೊಡೆದುಕೊಂಡಿತು. ಅವನು ಎಡಗೈಯಲ್ಲಿ ಎತ್ತಿದ.

“ಹೌದ್ರಿ, ಹೊಳಿಮಣ್ಣೂರ ಕುಂಬಾರ ಸಣ್ಣಪ್ಪ… ಚಿಕ್ಕನರಗುಂದದಾಗಿಂದ ಮಾತಾಡ್ತೀರೇನ್ರಿ? … ಹೌದ್ರಿ, ಮುತ್ತಣ್ಣಾರ ಮನಿ ಐರಾಣಿ ನಮ್ಮನಿವ… ವೈಶಾಖದಾಗ? … ತಡೀರಿ. ಮಾಡಾಕಿನ್ನ ಕೇಳ್ರಿ.”

ಫೋನು ಅವಳ ಕಡೆ ಚಾಚಿದ. ಇಷ್ಟು ವರ್ಷ ಎಷ್ಟು ಗಡಿಗೆ, ಎಂದಿಗೆ ಬೇಕು ಎಂಬ ಮಾತೆಲ್ಲ ಗಂಡಸರ ನಡುವೆಯೇ ಮುಗಿದು, ಆಮೇಲೆ ಅವಳಿಗೆ ತಿಳಿಯುತ್ತಿತ್ತು. ಅಡಿವೆವ್ವ ಕೈಯನ್ನು ಸೀರೆಗೆ ಒರೆಸಿಕೊಂಡಳು. ಫೋನನ್ನು ಕಿವಿಗೆ ತಲೆಕೆಳಗಾಗಿ ಹಿಡಿದಳು. ಅನಿತಾ ಬಂದು ತಿರುಗಿಸಿದಳು.

“ಹೇಳ್ರಿ,” ಎಂದಳು. “ಲಗ್ನ ಯಾವ ವಾರ ಐತಿ? … ಆಗ್ತೈತ್ರಿ. ಆದ್ರ ಅವಸರ ಮಾಡಬಾರದು. ಮಣ್ಣು ಒಣಗೇತಿ ಅಂತ ನಮ್ಮನಿಯವ್ರು ಹೂಂ ಅನ್ನಬೇಕು.”